ಎದುರು ಅರ್ಥಧಾರಿ



ದಿನನಿತ್ಯದ ಬದುಕಿನಲ್ಲಿ ಸೃಜನಶೀಲ ಯೋಚನೆಯನ್ನು ಬೆಳೆಸಿಕೊಳ್ಳುವುದು ಹೇಗೆ ಎಂಬ ವಿಷಯ ಕೊಟ್ಟಿದ್ದೀರಿ. ಇದರ ಬಗ್ಗೆ ಪುಸ್ತಕಗಳಿಗೆ ಬರವಿಲ್ಲ. ಬೇಗ ಏಳಿ, ಡೈರಿ ಬರೆಯಿರಿ, ವಾಕಿಂಗ್ ಹೋಗಿ ಎಂದು ಹೇಳಿ ಕೂತುಬಿಡಬಹುದಿತ್ತು. ಆದರೆ ನಸುಕಿಗೇ ಬಂದರಿನಲ್ಲಿ ಮೀನಿನ ಏಲಂ ಕೂಗುವ ಊರಿನವರಿಗೆ ಬೇಗ ಏಳುವ ಪಾಠ ಹೇಳುವ ಧೈರ್ಯ ನನಗಿಲ್ಲ. ಅದರ ಬದಲು ನಮ್ಮ ಕರಾವಳಿಯವರೇ ಕಟ್ಟಿಕೊಂಡ ಒಂದು ಗರಡಿಯ ಬಗ್ಗೆ ಮಾತಾಡುತ್ತೇನೆ. ಅದು ತಾಳಮದ್ದಳೆ.

ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳೂ ಕಡಲಿಗೆ ಇಳಿಯುವಂತಿಲ್ಲ. ಹೊರಗೆ ಜಡಿಮಳೆ. ಆಗ ದೇವಸ್ಥಾನದ ಚಾವಡಿಯಲ್ಲೋ, ಭಜನಾ ಮಂದಿರದಲ್ಲೋ, ಯಾರದೋ ಮನೆಯ ಜಗಲಿಯಲ್ಲೋ ಕೂಟ ಸೇರುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಮಾತಾಡುತ್ತಾರೆ. ಪ್ರಸಂಗ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಮಾತನ್ನು ಯಾರೂ ಬರೆದು ಕೊಡುವುದಿಲ್ಲ.

'ವಾಲಿವಧೆ'ಯನ್ನೇ ನೋಡಿ. ವಾಲಿ ಸಾಯಲೇಬೇಕು, ಅದನ್ನು ತಪ್ಪಿಸುವ ಅಧಿಕಾರ ಯಾವ ದೊಡ್ಡ ಅರ್ಥಧಾರಿಗೂ ಇಲ್ಲ. ಆದರೆ ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ಕೇಳುತ್ತಾನಲ್ಲ, ಆ ಪ್ರಶ್ನೆ ಪ್ರತಿ ಕೂಟದಲ್ಲೂ ಬೇರೆ ಬಾಯಿಯಿಂದ, ಬೇರೆ ಕಡೆಯಿಂದ ಬರುತ್ತದೆ. ರಾಮನ ಅರ್ಥ ಹೇಳುವವರು ಮನೆಯಲ್ಲಿ ಎಷ್ಟೇ ತಯಾರಿ ಮಾಡಿಕೊಂಡು ಬಂದಿರಲಿ, ಎದುರಿನವರು ಎಲ್ಲಿ ಹಿಡಿಯುತ್ತಾರೆ ಎಂಬುದು ಗೊತ್ತಿರುವುದಿಲ್ಲ. ತೊರವೆ ರಾಮಾಯಣ, ಕುಮಾರವ್ಯಾಸ, ಜೈಮಿನಿ ಓದಿದ ಬಂಡವಾಳ ಬೇಕೇ ಬೇಕು. ಖಾಲಿ ತಲೆಗೆ ಏನೂ ಹೊಳೆಯುವುದಿಲ್ಲ. ಆದರೆ ಬಂಡವಾಳ ಇದ್ದವರಿಗೂ ಹೊಸ ಮಾತು ಹೊಳೆಯುವುದು ಎದುರಿನವರು ಕೆಣಕಿದಾಗಲೇ. ಕೆಣಕಿದ್ದನ್ನು ಪೂರ್ತಿ ಕೇಳಿಸಿಕೊಳ್ಳದೆ ತಾನು ಬಾಯಿಪಾಠ ಮಾಡಿದ್ದನ್ನೇ ಒಪ್ಪಿಸುವ ಅರ್ಥಧಾರಿಯನ್ನು ಪ್ರೇಕ್ಷಕರು ಬೇಗ ಗುರುತಿಸುತ್ತಾರೆ. ಹಿಂದಿನ ಸಾಲಿನಲ್ಲಿ ಕೆಮ್ಮು ಶುರುವಾಗುತ್ತದೆ.

ಇದನ್ನು ಮಲ್ಪೆಯವರಾದ ನಿಮಗೆ ನಾನು ವಿವರಿಸಬೇಕಾಗಿಲ್ಲ. ಹರಿಕಥೆಯಲ್ಲೂ ಅರ್ಥಗಾರಿಕೆಯಲ್ಲೂ ಹೆಸರು ಮಾಡಿದ ಶಂಕರನಾರಾಯಣ ಸಾಮಗರು, ರಾಮದಾಸ ಸಾಮಗರು ಇಬ್ಬರೂ ತಮ್ಮ ಹೆಸರಿನ ಮುಂದೆ ಈ ಊರನ್ನು ಹೊತ್ತು ತಿರುಗಿದವರು. ದೊಡ್ಡ ಸಾಮಗರು, ಸಣ್ಣ ಸಾಮಗರು ಎಂದರೆ ಇಂದಿಗೂ ಹಿರಿಯರ ಮುಖ ಅರಳುತ್ತದೆ.

ನನಗೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ. ಇವತ್ತು ರಾಮನಾದವರು ನಾಳೆಯ ಕೂಟದಲ್ಲಿ ವಾಲಿಯಾಗಬೇಕು. ನಿನ್ನೆ ತಾವೇ ಕಟ್ಟಿದ ಸಮರ್ಥನೆಯನ್ನು ಇವತ್ತು ತಾವೇ ಒಡೆಯಬೇಕು. 'ಕೃಷ್ಣ ಸಂಧಾನ'ದ ಕೌರವನಿಗೂ ಅವನದೇ ನ್ಯಾಯ ಇದೆ ಎಂದು ಒಂದು ರಾತ್ರಿಯ ಮಟ್ಟಿಗಾದರೂ ನಂಬಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು ರಾವಣ, ಮಾಗಧ, ವಾಲಿಯರನ್ನು ಎತ್ತಿ ನಿಲ್ಲಿಸಿದ್ದು ಹೀಗೆ. ಬಪ್ಪನಾಡು ಕ್ಷೇತ್ರ ಮಹಾತ್ಮೆಯಲ್ಲಿ ಅವರು ಮಾಡಿದ ಬಪ್ಪಬ್ಯಾರಿಯ ಪಾತ್ರವನ್ನು ಜನ ಇಂದಿಗೂ ನೆನೆಯುತ್ತಾರೆ. ಹರಿಕಥೆ ಹೇಳುವ ಬಾಯಿ ಬ್ಯಾರಿ ವ್ಯಾಪಾರಿಯ ಒಳಗೆ ಹೊಕ್ಕು ಅಲ್ಲಿಂದ ಮಾತಾಡಿತು.

ಅಮೆರಿಕದ ಜಾಹೀರಾತು ಕಂಪನಿಯ ಅಲೆಕ್ಸ್ ಆಸ್‌ಬಾರ್ನ್ ಎಂಬಾತ, ಎದುರಿನವರನ್ನು ಕೆಣಕುವ ಈ ಕ್ರಮಕ್ಕೆ ತದ್ವಿರುದ್ಧ ಸಲಹೆ ಕೊಟ್ಟಿದ್ದ. ಎಲ್ಲರೂ ಸುತ್ತ ಕೂತು ತೋಚಿದ್ದನ್ನೆಲ್ಲ ಹೇಳಿ, ಯಾರೂ ಯಾರನ್ನೂ ಟೀಕಿಸಬೇಡಿ ಎಂದ. ಬ್ರೈನ್‌ಸ್ಟಾರ್ಮಿಂಗ್ ಎಂದು ಮಣಿಪಾಲದ ಕಾಲೇಜುಗಳಲ್ಲಿ ನಿಮ್ಮ ಮಕ್ಕಳು ಮಾಡುವುದು ಇದನ್ನೇ. ಕೇಳಲು ಚೆನ್ನಾಗಿದೆ. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ ನೋಡಿದಾಗ, ಗುಂಪಿನಲ್ಲಿ ಕೂತವರಿಗಿಂತ ಅಷ್ಟೇ ಜನ ಒಬ್ಬೊಬ್ಬರೇ ಕೂತು ಯೋಚಿಸಿದಾಗ ಹೆಚ್ಚು ವಿಚಾರಗಳು ಹುಟ್ಟಿದವು. 2004ರಲ್ಲಿ ಶಾರ್ಲನ್ ನೆಮೆತ್ ಮತ್ತು ಸಂಗಡಿಗರು ಅಮೆರಿಕ, ಫ್ರಾನ್ಸ್ ಎರಡೂ ಕಡೆ ಪ್ರಯೋಗ ಮಾಡಿದರು. ಕೆಲವು ಗುಂಪುಗಳಿಗೆ ಟೀಕೆ ಬೇಡ ಎಂದರು; ಕೆಲವಕ್ಕೆ ವಾದಿಸಿ, ಬೇಕಾದರೆ ಟೀಕಿಸಿ ಎಂದರು. ಹೆಚ್ಚು ವಿಚಾರ ಬಂದದ್ದು ವಾದ ಮಾಡಿದ ಗುಂಪುಗಳಿಂದ. ನಮ್ಮ ಚಾವಡಿಯಲ್ಲಿ ಕೂತ ಅಜ್ಜಂದಿರಿಗೆ ಇದರಲ್ಲಿ ಅಚ್ಚರಿ ಏನೂ ಕಾಣುತ್ತಿರಲಿಲ್ಲ.

ಕಾರ್ಕಳದ ಕಡೆಯ ನಂದಳಿಕೆಯ ಮುದ್ದಣನನ್ನು ನೆನಪಿಸಿಕೊಳ್ಳಿ. ಹುಟ್ಟಿದ್ದು 1870, ತೀರಿಕೊಂಡದ್ದು 1901. ಉಡುಪಿಯ ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಹೇಳಿಕೊಡುವ ಕೆಲಸ. ಯಕ್ಷಗಾನ ಪ್ರಸಂಗಗಳನ್ನೂ ಬರೆದವನು. 'ಶ್ರೀರಾಮಾಶ್ವಮೇಧ'ದಲ್ಲಿ ಮಳೆಗಾಲದ ಒಂದು ದಿನ ಅವನು ಹೆಂಡತಿಗೆ ಕತೆ ಹೇಳಲು ಕೂರುತ್ತಾನೆ. ಮನೋರಮೆ ಸುಮ್ಮನೆ ಹೂಂಗುಟ್ಟುವ ಹೆಂಗಸಲ್ಲ. ಪದ್ಯ ಬೇಡ ಎನ್ನುತ್ತಾಳೆ, ಅರ್ಥವಾಗಲಿಲ್ಲ ಎನ್ನುತ್ತಾಳೆ, ಚುಚ್ಚುತ್ತಾಳೆ, ನಗುತ್ತಾಳೆ. ಅವಳ ಆಕ್ಷೇಪಕ್ಕೆ ಮಣಿದೇ ಕತೆ ಗದ್ಯಕ್ಕೆ ತಿರುಗುತ್ತದೆ. ಪಂಡಿತರು ಒಪ್ಪಲಿ, ಬಿಡಲಿ, ಮನೋರಮೆಯನ್ನು ನಾನು ಎದುರು ಅರ್ಥಧಾರಿ ಎಂದೇ ಕರೆಯುತ್ತೇನೆ. ಅವಳು ಎದ್ದು ಹೋಗಿದ್ದರೆ ಆ ಪುಸ್ತಕವನ್ನು ಇಷ್ಟು ಪ್ರೀತಿಯಿಂದ ಯಾರು ಓದುತ್ತಿದ್ದರು?

ಇದೆಲ್ಲ ಸಾಹಿತ್ಯದ ಮಾತಾಯಿತು, ಹೊಟ್ಟೆಪಾಡಿಗೆ ಏನು ಎಂದು ಕೇಳಬಹುದು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಒಂದು ಬ್ಯಾಂಕು ಕಟ್ಟಿದರು. ಕೈಮಗ್ಗ ಕುಸಿದು ನೇಕಾರರು ಕಂಗಾಲಾಗಿದ್ದ ಕಾಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. ಬಡವರು ಉಳಿತಾಯ ಮಾಡುವುದಿಲ್ಲ ಎಂಬುದು ಬ್ಯಾಂಕಿನ ಕಡೆಯಿಂದ ಆಡುವ ಮಾತು. ಈಗ ದಿನಗೂಲಿಯವನ ಅರ್ಥ ಹೇಳಿ ನೋಡಿ: ನನ್ನ ಕೈಗೆ ದುಡ್ಡು ಬರುವುದು ಸಂಜೆಗೆ, ಅದೂ ಚಿಲ್ಲರೆ, ಅಷ್ಟು ಹೊತ್ತಿಗೆ ನಿಮ್ಮ ಬಾಗಿಲು ಹಾಕಿರುತ್ತದೆ, ಎರಡಾಣೆ ಹಿಡಿದು ಒಳಗೆ ಬರಲು ನನಗೆ ನಾಚಿಕೆ. 1928ರಲ್ಲಿ ಬಂದ ಪಿಗ್ಮಿ ಠೇವಣಿ ಈ ಮಾತಿಗೆ ಕೊಟ್ಟ ಉತ್ತರದ ಹಾಗಿದೆ. ಏಜೆಂಟ್ ದಿನಾ ಮನೆ ಬಾಗಿಲಿಗೇ ಬಂದು ಎರಡಾಣೆಯನ್ನೂ ತೆಗೆದುಕೊಂಡು ಹೋಗುತ್ತಿದ್ದ. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ಇನ್ನೂ ಪೇಟೆ ಪೇಟೆಯಲ್ಲಿದೆ.

ಹಾಗಾದರೆ ನಾವು ಮಾಡಬೇಕಾದ್ದೇನು? ನಮ್ಮ ಸಭೆಗಳಲ್ಲಿ ಒಂದು ಪದ್ಧತಿ ತಂದರೆ ಸಾಕು. ಪರ್ಸೀನ್ ಬೋಟಿನವರು, ಟ್ರಾಲ್‌ಬೋಟಿನವರು, ನಾಡದೋಣಿಯವರು, ಕೈರಂಪಣಿಯವರು ಒಟ್ಟಿಗೆ ಕೂರುವಾಗ ಬೆಳಕು ಹಾಯಿಸಿ ಮೀನು ಹಿಡಿಯುವ ಮಾತು ಬಂತೆಂದರೆ ಎಂಥ ಜಗಳವಾಗುತ್ತದೆ ಎಂದು ನಿಮಗೇ ಗೊತ್ತು. ಮೊದಲ ಅರ್ಧ ಗಂಟೆ ಬೋಟಿನ ಮಾಲೀಕರು ನಾಡದೋಣಿಯವರ ಅರ್ಥ ಹೇಳಲಿ, ನಾಡದೋಣಿಯವರು ಡೀಸೆಲ್ ಬಿಲ್ಲು, ಬ್ಯಾಂಕ್ ಸಾಲ ಹೊತ್ತ ಮಾಲೀಕರ ಅರ್ಥ ಹೇಳಲಿ. ಅಣಕಿಸಬಾರದು, ಕೇಳಿದ ಎದುರಿನವರು "ಹೌದು, ನಮ್ಮ ಮಾತು ಇದೇ" ಎಂದು ತಲೆಯಾಡಿಸಬೇಕು. ಒಪ್ಪಂದ ಆಗಿಯೇ ಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ, ಹೊಸದೊಂದು ದಾರಿ ಹೊಳೆಯಬಹುದು ಎನ್ನುತ್ತಿದ್ದೇನೆ. ಮನೆಯಲ್ಲೂ ಅಷ್ಟೇ. ಮಗಳು ವಿಜ್ಞಾನ ಬೇಡ, ಚಿತ್ರಕಲೆ ಓದುತ್ತೇನೆ ಎಂದರೆ ಅಪ್ಪ ಮಗಳ ಅರ್ಥ ಹೇಳಲಿ, ಮಗಳು ಅಪ್ಪನದ್ದು.

ತಾಳಮದ್ದಳೆಗೂ ರೋಗಗಳಿವೆ. ಗೆಲ್ಲುವ ಹಟಕ್ಕೆ ಬಿದ್ದು ಎದುರಿನವರನ್ನು ಹಳ್ಳಕ್ಕೆ ಕೆಡಹುವವರಿದ್ದಾರೆ. ಪೀಠಿಕೆಯಲ್ಲೇ ಒಂದು ಗಂಟೆ ನುಂಗುವವರೂ ಇದ್ದಾರೆ. ಆಗ ಭಾಗವತರು ಮುಂದಿನ ಪದ್ಯ ಎತ್ತಿಬಿಡುತ್ತಾರೆ, ಮಾತು ನಿಲ್ಲಲೇಬೇಕು. ಮನೆಯ ಜಗಳಕ್ಕೂ ಸಂಘದ ಮೀಟಿಂಗಿಗೂ ಅಂಥ ಭಾಗವತರೊಬ್ಬರನ್ನು ಮೊದಲೇ ಗೊತ್ತು ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಅಂದರೆ ಪದ್ಯ ಎತ್ತುವ ಹೊತ್ತಾಯಿತು. ಪ್ರಶ್ನೆಗಳಿಗೆ ಸಮಯವಿದೆ. ನನ್ನ ಮಾತನ್ನು ಒಪ್ಪದವರು ಮೊದಲು ಕೈ ಎತ್ತಲಿ.