ಗಡಿಗೆಯ ಲೆಕ್ಕ



ಪರಿಸರಕ್ಕೆ ಒಗ್ಗಿದ ಊರ ಉದ್ದಿಮೆಗಳ ಬಗ್ಗೆ ಮಾತಾಡಲು ಕೃಷ್ಣೆಯ ದಂಡೆಯ, ಗಡಿಗೆ ಮೊಸರಿನ ಈ ಕೊಲ್ಹಾರಕ್ಕಿಂತ ತಕ್ಕ ಜಾಗ ನನಗೆ ಗೊತ್ತಿಲ್ಲ.

ಮೊದಲ ಸಲ ಈ ದಾರಿಯಲ್ಲಿ ಬಂದಾಗ ನಾನು ವಿದ್ಯಾರ್ಥಿ. ಬಸ್ಸು ನಿಂತ ಕೂಡಲೆ ತಾಯಿಯೊಬ್ಬರು ಕಿಟಕಿಯ ಹತ್ತಿರ ಬಂದು, ತಲೆಯ ಮೇಲಿನ ಬುಟ್ಟಿ ಇಳಿಸಿ, ಪುಟ್ಟ ಗಡಿಗೆಯ ಬಾಯಿಗೆ ಕಟ್ಟಿದ್ದ ಅರಿವೆ ಬಿಚ್ಚಿದರು. "ನೋಡೋ ತಮ್ಮಾ, ಡಬ್ಬ ಹಾಕಿ ತೋರಸ್ತೀನಿ" ಎಂದು ಗಡಿಗೆಯನ್ನು ತಲೆಕೆಳಗು ಮಾಡಿದರು. ಮೊಸರು ಅಲುಗಲಿಲ್ಲ. ಮೇಲೆ ದಪ್ಪ ಕೆನೆ, ಗಡಿಗೆಯ ಹೊರಮೈಯಲ್ಲಿ ತಣ್ಣನೆಯ ಪಸೆ. ರೊಟ್ಟಿ, ಶೇಂಗಾ ಹಿಂಡಿಯ ಜೊತೆ ತಿಂದು ಮುಗಿಸಿ, ಕೊರ್ತಿ-ಕೊಲ್ಹಾರ ಸೇತುವೆಯ ಮೇಲಿಂದ ಗಡಿಗೆಯನ್ನು ಕೃಷ್ಣೆಗೆ ಎಸೆದೆ. ಅದನ್ನು ಮಾಡಿದವರು ಯಾರು ಎಂದು ಕೇಳಲಿಲ್ಲ. ನಾನು ಮೂವತ್ತು ವರ್ಷ ಕಲಿಸಿದ ಗ್ರಾಮೀಣ ಅರ್ಥಶಾಸ್ತ್ರವೂ ಕೇಳಲಿಲ್ಲ. ನನ್ನ ತಕರಾರು ಅಲ್ಲಿಯೇ ಶುರುವಾಗುತ್ತದೆ.

ಎಮ್ಮೆಯ ಹಾಲಿನಲ್ಲಿ ಜಿಡ್ಡು ಹೆಚ್ಚು; ಅದನ್ನು ಕಾಯಿಸಿ ಬತ್ತಿಸಿದರೆ ಇನ್ನೂ ಗಟ್ಟಿ. ಇದರ ವಿವರಕ್ಕೆ ಹೈನು ವಿಜ್ಞಾನದ ಗೆಳೆಯರು ಮಧ್ಯಾಹ್ನದ ಗೋಷ್ಠಿಯಲ್ಲಿದ್ದಾರೆ. ಆದರೆ ಹೆಪ್ಪು ಹಾಕಿದ ಮೇಲೆ ಮೊಸರಿನ ನೀರನ್ನು ಹೀರಿ, ಹೊರಮೈಯಿಂದ ಆವಿಯಾಗಿಸಿ, ಬೇಸಿಗೆಯಲ್ಲೂ ತಂಪಾಗಿಡುವುದು ಗಡಿಗೆಯ ಮಣ್ಣು. ಅರ್ಧ ಕೆಲಸ ಅದರದು. ಹೀಗಿದ್ದೂ ನಾನು ನೋಡಿದ ಯೋಜನಾ ವರದಿಗಳಲ್ಲೆಲ್ಲ ಗಡಿಗೆ ಇರುವುದು 'ಪ್ಯಾಕಿಂಗ್ ಖರ್ಚು' ಎಂಬ ಸಾಲಿನಲ್ಲಿ. ಖರ್ಚು ಎಂದ ಮೇಲೆ ಅದನ್ನು ಇಳಿಸಬೇಕು ಎಂಬ ಸಲಹೆ ತಾನಾಗಿ ಬರುತ್ತದೆ. ಮುಂದಿನ ಪುಟದಲ್ಲಿ ಪ್ಲಾಸ್ಟಿಕ್ ಡಬ್ಬಿ ಹಾಜರು. ನಾವು ಎಡವಿದ್ದು ಇಲ್ಲಿ: ಸರಕನ್ನು ಹಿಡಿದೆವು, ಅದನ್ನು ಹೊತ್ತ ಸಂಬಂಧಗಳನ್ನು ಬಿಟ್ಟೆವು. ಗಾಂಧೀವಾದಿ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪನವರು 1945ರಲ್ಲೇ ಬಾಳಿಕೆಯ ಅರ್ಥವ್ಯವಸ್ಥೆಯ ಬಗ್ಗೆ ಪುಸ್ತಕ ಬರೆದರು. ಅವರ ಹೆಸರು ನಮ್ಮ ಪಠ್ಯಕ್ರಮದಲ್ಲಿದೆ, ಲೆಕ್ಕದಲ್ಲಿಲ್ಲ.

ಪ್ಲಾಸ್ಟಿಕ್ ನಿಷೇಧ ಬಂದಿದೆಯಲ್ಲ ಎನ್ನಬಹುದು. ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲಿ ಬಂತು, ಒಂದೇ ಸಲ ಬಳಸುವ ಹಲವು ವಸ್ತುಗಳ ಮೇಲೆ 2022ರ ಜುಲೈ 1ರಿಂದ ದೇಶಕ್ಕೆಲ್ಲ ಬಂತು. ಬೇಡವಾದದ್ದನ್ನು ಕಾನೂನು ತಡೆಯಬಹುದು. ಕುಂಬಾರನ ತಿಗರಿ ತಿರುಗಿಸಲು ಅದಕ್ಕೆ ಬರುವುದಿಲ್ಲ. 2004ರಲ್ಲಿ ರೈಲ್ವೆ ಇಲಾಖೆ ಮಣ್ಣಿನ ಚಹಾ ಕಪ್ಪು ತಂದಾಗ ನಾವೆಲ್ಲ ಹಿಗ್ಗಿದ್ದೆವು. ಆ ಕಪ್ಪು ಹೆಚ್ಚು ಕಾಲ ಕೈಯಲ್ಲಿ ಉಳಿಯಲಿಲ್ಲ.

ಈಗ ನನ್ನನ್ನು ಬಿಡದೆ ಕಾಡುವ ಪ್ರಶ್ನೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಕೊಲ್ಹಾರ ಹೋಯಿತು, ಊರು ದಿಬ್ಬಕ್ಕೆ ಬಂತು. ಮನೆಗೆ, ಹೊಲಕ್ಕೆ ಪರಿಹಾರ ಸಿಗುವುದು ಹಕ್ಕಿನ ಉತಾರ ನೋಡಿ. ಕುಂಬಾರ ಮಣ್ಣು ಅಗೆಯುವ ದಡಕ್ಕೆ ಅವನ ಹೆಸರಿನ ಉತಾರ ಎಲ್ಲಿರುತ್ತದೆ? ಎಮ್ಮೆ ಮೇಯುವ ಹೊಳೆದಂಡೆಗೆ? ಅದೇ ಅಣೆಕಟ್ಟಿನ ನೀರು ಹರಿದ ಕಡೆ ಬಿಳಿಜೋಳದ ಹೊಲ ಕಬ್ಬಿಗೆ ತಿರುಗಿದರೆ ಕಣಿಕೆ ಎಲ್ಲಿಂದ ಬರಬೇಕು? ಕಣಿಕೆಯಿಲ್ಲದೆ ಎಮ್ಮೆ ಕಟ್ಟುವವರು ಯಾರು? ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ಮುಂದಿದೆ. ಆ ನಾಲ್ಕೂವರೆ ಮೀಟರಿನಲ್ಲಿ ಮುಳುಗುವ ಮಣ್ಣಿನ ಬೆಲೆ ಕಟ್ಟುವ ವಿಧಾನ ನನಗೆ ಇನ್ನೂ ಹೊಳೆದಿಲ್ಲ. ಸಹೋದ್ಯೋಗಿಗಳನ್ನು ಕೇಳಿದ್ದೇನೆ, ಇಂದು ನಿಮ್ಮನ್ನೂ ಕೇಳುತ್ತಿದ್ದೇನೆ.

ಗಡಿಗೆಯೇನು ಪೂರ್ತಿ ನಿರ್ದೋಷಿಯಲ್ಲ. ಆವಿಗೆಗೆ ಸೌದೆ ಬೇಕು, ಹೊಗೆ ಏಳುತ್ತದೆ, ಆ ಹೊಗೆಯನ್ನು ಕುಡಿಯುವುದು ಕುಂಬಾರನ ಮನೆಯವರು. ನನ್ನ ಹಾಗೆ ಒಂದೇ ಊಟಕ್ಕೆ ಬಳಸಿ ಎಸೆಯುವವರಿದ್ದರೆ ಹೊಳೆಯ ಮಣ್ಣೂ ಸಾಲದು. ಗಡಿಗೆ ವಾಪಸ್ ಕೊಟ್ಟವರಿಗೆ ಬೆಲೆಯಲ್ಲಿ ಕಡಿತ, ಕೆರೆ ಹೂಳೆತ್ತಿದಾಗ ಒಳ್ಳೆಯ ಮಣ್ಣು ಮೊದಲು ಕುಂಬಾರರಿಗೆ, ಕಡಿಮೆ ಸೌದೆಯ ಆವಿಗೆ: ಈ ಮೂರನ್ನು ಪಟ್ಟಣ ಪಂಚಾಯಿತಿಯ ಮಟ್ಟದಲ್ಲೇ ಶುರುಮಾಡಬಹುದು ಎಂಬುದು ನನ್ನ ನಂಬಿಕೆ. ಭೌಗೋಳಿಕ ಮಾನ್ಯತೆಯ (ಜಿಐ) ಬಗ್ಗೆ ಇಲ್ಲಿ ಎರಡು ಪ್ರಬಂಧಗಳಿವೆ, ಸಂತೋಷ. ಧಾರವಾಡ ಪೇಡೆಗೆ, ಇಳಕಲ್ ಸೀರೆಗೆ ಅದು ಸಿಕ್ಕಿದೆ. ಆದರೆ ಮೊಸರಿಗೆ ಕೇಳುವಾಗ ಅರ್ಜಿಯಲ್ಲಿ ಗಡಿಗೆ ಮಾಡುವವರ ಹೆಸರೂ ಇರಲಿ.

ನನಗೆ ಕೊಟ್ಟ ಅರ್ಧ ಗಂಟೆಯಲ್ಲಿ ಇನ್ನೂ ಹತ್ತು ನಿಮಿಷ ಇದೆ. ಅಧ್ಯಕ್ಷರ ಅಪ್ಪಣೆಯಾದರೆ ಅದನ್ನು ಹಿಂದಿನ ಸಾಲಿನ ಕುಂಬಾರ ಹಿರಿಯರಿಗೆ ಬಿಟ್ಟುಕೊಡುತ್ತೇನೆ. ಒಂದು ಗಡಿಗೆಗೆ ಇವತ್ತು ಅವರ ಕೈಗೆ ಎಷ್ಟು ಸಿಗುತ್ತದೆ ಎಂಬುದನ್ನು ಅವರೇ ಹೇಳಲಿ. ದಯವಿಟ್ಟು ಬರೆದುಕೊಳ್ಳಿ.