ಅಗಲ ಟೈರಿನ ತಕರಾರು



ಇತಿಹಾಸವನ್ನು ಎರಡೇ ಮಾತಲ್ಲಿ ಮುಗಿಸಿಬಿಡುತ್ತೇನೆ. ನಾವೆಲ್ಲ ಆರು ಜನ ಒತ್ತಿಕೊಂಡು ಕೂತು ಮದುವೆಗಳಿಗೆ ಹೋದ ಅಂಬಾಸಿಡರಿನ ಟೈರು 5.90 ಇಂಚು, ಅಂದರೆ ಸುಮಾರು 150 ಮಿಲಿಮೀಟರ್ ಅಗಲ. 1964ರ ಪೋರ್ಷೆ 911, ರೇಸಿಗೆ ಹೆಸರಾದ ಕಾರು, ಓಡಿದ್ದೂ ಬರೀ 165ರ ಮೇಲೆ. ಇಂದಿನ 911 ಕರೆರಾ ಎಸ್‌ನ ಹಿಂದಿನ ಟೈರು 305.

ಅಗಲ ಹೆಚ್ಚಿದರೆ ಹಿಡಿತ ಹೆಚ್ಚು ಎನ್ನುತ್ತಾರಲ್ಲ, ನನ್ನ ತಕರಾರು ಅಲ್ಲಿದೆ. ಒಂದು ಚಕ್ರದ ಮೇಲೆ 250 ಕಿಲೋ ಭಾರ, ಟೈರಿನಲ್ಲಿ 28 ಪಿಎಸ್‌ಐ ಗಾಳಿ ಎಂದಿಟ್ಟುಕೊಳ್ಳಿ. ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ. ಭಾಗಿಸಿದರೆ ಟೈರು ನೆಲ ಮುಟ್ಟುವ ಜಾಗ 125 ಚದರ ಸೆಂಟಿಮೀಟರ್ ಆಸುಪಾಸು. ನಮ್ಮ ಅಂಚೆ ಕಾರ್ಡು 14 ಸೆಂಟಿಮೀಟರ್ ಉದ್ದ, 9 ಅಗಲ. ಗುಣಿಸಿ ನೋಡಿ, 126! ಟೈರು ಸಣ್ಣದಾದರೆ ಕಾರ್ಡನ್ನು ಉದ್ದಕ್ಕೆ ಇಟ್ಟಂತೆ, ಅಗಲವಾದರೆ ಅಡ್ಡಕ್ಕೆ ಇಟ್ಟಂತೆ. ಕಾರ್ಡು ಮಾತ್ರ ಹೆಚ್ಚುಕಮ್ಮಿ ಅದೇ. ಇದು ಹೊಳೆದ ದಿನ ನಾನು ಮನೆಯವರಿಗೆಲ್ಲ ಹೇಳಿ ತಲೆ ತಿಂದಿದ್ದೆ.

ನಮ್ಮ ಫಿಸಿಕ್ಸ್ ಮೇಷ್ಟ್ರು ಮರದ ತುಂಡೊಂದನ್ನು ಮಲಗಿಸಿ, ಆಮೇಲೆ ನಿಲ್ಲಿಸಿ, ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ತೋರಿಸಿದ್ದರು. ಮುಳ್ಳು ಎರಡು ಸಲವೂ ಒಂದೇ ಕಡೆ ನಿಂತಿತು. "ಘರ್ಷಣೆಗೆ ಅಗಲದ ಹಂಗಿಲ್ಲ ಕಣ್ರೋ" ಅಂದರು. ಕೂಡಲೇ ಹಳೇ ಸೈಕಲ್ ಟ್ಯೂಬಿನ ತುಂಡು ಎತ್ತಿ ಹಿಡಿದು, "ಇದೊಂದು ಮಾತ್ರ ನನ್ನ ಮಾತು ಕೇಳಲ್ಲ" ಎಂದು ನಕ್ಕರು. ನಿಜವೇ. ರಬ್ಬರನ್ನು ಹೆಚ್ಚು ಒತ್ತಿದಷ್ಟೂ ಅದರ ಘರ್ಷಣಾಂಕ ಇಳಿಯುತ್ತದೆ. ತಿರುವಿನಲ್ಲಿ ಅಡ್ಡಕ್ಕಿಟ್ಟ ಕಾರ್ಡು ಸ್ಟೀರಿಂಗಿಗೆ ಬೇಗ ಓಗೊಡುತ್ತದೆ. ಮಳೆ ನೀರು ನಿಂತ ರಸ್ತೆಯಲ್ಲಿ ಮಾತ್ರ ಅದೇ ಟೈರು ಹೆಚ್ಚು ನೀರು ತಳ್ಳಬೇಕು, ತಳ್ಳಲಾಗದಿದ್ದರೆ ತೇಲುತ್ತದೆ.

2013ರಲ್ಲಿ ಬಿಎಂಡಬ್ಲ್ಯು ತನ್ನ ಐ3 ಎಲೆಕ್ಟ್ರಿಕ್ ಕಾರಿಗೆ 155 ಅಗಲದ ಟೈರು, 19 ಇಂಚಿನ ಎತ್ತರದ ಚಕ್ರ ಹಾಕಿತು. ಗಾಳಿಯ ತಡೆ ಕಡಿಮೆ, ಬ್ಯಾಟರಿ ಉಳಿತಾಯ. ಮೇಷ್ಟ್ರು ಇದ್ದಿದ್ದರೆ ಚಪ್ಪಾಳೆ ತಟ್ಟುತ್ತಿದ್ದರು.

ಹಾಗಾದರೆ ಉಳಿದವರು ಆ ದಾರಿ ಹಿಡಿಯಲಿಲ್ಲವೇಕೆ? ಅಗಲ ಬೇಕಾದದ್ದು ತಿರುವಿಗೋ, ಶೋರೂಮಿನ ಗಾಜಿಗೋ? ನಮ್ಮ ಗುಂಡಿ ರಸ್ತೆಗೆ ತೆಳು ಪಕ್ಕದ ಟೈರು ಹಾಕಿ ಅಲಾಯ್ ಬಗ್ಗಿಸಿಕೊಳ್ಳುವವರು ಯಾವ ಹಿಡಿತಕ್ಕಾಗಿ ಹಣ ಕೊಟ್ಟರು? ನನಗಿನ್ನೂ ಇತ್ಯರ್ಥವಾಗಿಲ್ಲ. ನಿಮಗೆ ಆಗಿದ್ದರೆ ಕಾಫಿ ಹೊತ್ತಿಗೆ ಸಿಕ್ಕಿ. ಅಷ್ಟರೊಳಗೆ ನಿಮ್ಮ ಕಾರಿಗೆ ಎಷ್ಟು ಗಾಳಿ ಬೇಕೆಂದು ಡ್ರೈವರ್ ಬಾಗಿಲ ಬಳಿಯ ಚೀಟಿಯನ್ನಾದರೂ ಒಮ್ಮೆ ಓದಿ ಬನ್ನಿ.