ಕುಡಿತ ಬಿಡಿಸುವ ಮುನ್ನ ವೈದ್ಯರ ಸಲಹೆ



ದೇವಸ್ಥಾನದಲ್ಲಿ ಆಣೆ ಮಾಡಿಸಿ, ಅಂದಿನಿಂದಲೇ ಕುಡಿತ ಬಿಡಿಸುವ ರೂಢಿ ಹಲವು ಗ್ರಾಮಗಳಲ್ಲಿದೆ. ಉದ್ದೇಶ ಒಳ್ಳೆಯದೇ. ಆದರೆ ವರ್ಷಗಟ್ಟಲೆ ಪ್ರತಿದಿನ ವಿಪರೀತ ಕುಡಿದವರ ದೇಹ ಹಠಾತ್ ನಿಲುಗಡೆಯನ್ನು ತಾಳಲಾರದು. ಮೊದಲ ದಿನ ಕೈನಡುಕ, ಬೆವರು, ನಿದ್ರಾಹೀನತೆ. ಕೆಲವರಿಗೆ 2 ದಿನಗಳೊಳಗೆ ಫಿಟ್ಸ್. 2ರಿಂದ 4ನೆಯ ದಿನದ ನಡುವೆ ಸನ್ನಿ. ಇಲ್ಲದ್ದು ಕಣ್ಣಿಗೆ ಕಾಣುತ್ತದೆ, ಮನೆಯವರ ಗುರುತೇ ಸಿಗುವುದಿಲ್ಲ. ಇದನ್ನು ಗಾಳಿ ಸೋಕಿದ್ದೆಂದು ಬಗೆದು ಮಂತ್ರವಾದಿಯ ಬಳಿಗೆ ಒಯ್ಯುವುದೂ, ಕಂಬಕ್ಕೆ ಕಟ್ಟುವುದೂ ಉಂಟು. ಚಿಕಿತ್ಸೆ ತಡವಾದರೆ ಪ್ರಾಣವೇ ಹೋಗಬಹುದು.

ವೈದ್ಯರ ನಿಗಾದಲ್ಲಿ ಕೆಲವು ದಿನ ಔಷಧ ಹಾಗೂ ಥಯಾಮಿನ್ ಜೀವಸತ್ವ ನೀಡಿದರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯವ್ಯಸನದಿಂದ ಉಂಟಾಗುವ ಮಾನಸಿಕ ಸ್ಥಿತಿಯನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಸರಪಳಿಯಲ್ಲಿ ಬಂಧಿಸುವುದನ್ನು ನಿಷೇಧಿಸಿದೆ.

ಆದ್ದರಿಂದ ಆಣೆಗೆ ಮುನ್ನ, ಆಶಾ ಕಾರ್ಯಕರ್ತೆಯರ ನೆರವಿನಿಂದ ಅಂಥವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸತಕ್ಕದ್ದು. ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳೂ ಉಚಿತ ಸಲಹೆ ದೊರೆಯುತ್ತದೆ. ಬಿಟ್ಟವರು ಮರಳಿ ಕುಡಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಅವರ ಹೆಸರನ್ನು ಗ್ರಾಮಸಭೆಯಲ್ಲಿ ಕೂಗಿದರೆ ಅವರು ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ. ಫಿಟ್ಸ್ ಅಥವಾ ಸನ್ನಿ ಕಂಡೊಡನೆ 108 ವಾಹನವನ್ನು ಕರೆಸತಕ್ಕದ್ದು.